ಮಲೆನಾಡಿನ ಮೀಸೆಮೀನುಗಳಲ್ಲಿ ಗಂಡು–ಹೆಣ್ಣಿನ ಗುರುತು

ಸಾಗರ ತಾಲ್ಲೂಕಿನ ವರದಹಳ್ಳಿಯ ಪರಿಸರವು ಎರಡು ನದೀಕಣಿವೆಗಳಿಗೆ ಸಮೀಪವಾದುದು. ವರದಾಮೂಲದಲ್ಲಿ ಹುಟ್ಟುವ ವರದೆಯು ತುಂಗಭದ್ರೆಯನ್ನು ಸೇರಿದರೆ, ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಜನಿಸುವ ಶರಾವತಿಯು ಹೊಸನಗರ, ಸಾಗರಗಳ ಮೂಲಕ ಪಶ್ಚಿಮಕ್ಕೆ ಹರಿದು ಕಡಲನ್ನು ಸೇರುತ್ತದೆ. ಈ ಭಾಗದ ಹಳ್ಳ, ಕೆರೆ, ಗದ್ದೆಗಳಲ್ಲಿ ಮುರುಗೋಡು, ಚೇಳುಮೀನು, ಗಿರ್ಲು ಮೊದಲಾದ ಮೀಸೆಮೀನುಗಳಿವೆ. ಶರಾವತಿಯಲ್ಲಿ ದೊರೆತ ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಕಿರುಮೀನನ್ನು 2004ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಲಾಯಿತು.

ಇವುಗಳ ಲಿಂಗಭೇದವನ್ನು ಬಣ್ಣ, ಗಾತ್ರಗಳಿಂದ ನಿರ್ಣಯಿಸುವುದು ಕಠಿಣ. ಅಕ್ವೇರಿಯಂಗಳಲ್ಲಿ ಪರಿಚಿತವಾದ ದಕ್ಷಿಣ ಅಮೆರಿಕದ ಆನ್ಸಿಸ್ಟ್ರಸ್ ಮೀನಿನಲ್ಲಿ ಪ್ರೌಢ ಗಂಡಿನ ಮೂತಿಯ ಮೇಲೆ ಕವಲೊಡೆದ ಎಳೆಗಳು ಬೆಳೆಯುತ್ತವೆ. ಕೋರಿಡೋರಸ್‌ನಲ್ಲಿ ಮೇಲಿನಿಂದ ನೋಡಿದಾಗ ಹೆಣ್ಣು ಹೆಚ್ಚು ಅಗಲವಾಗಿ ಕಾಣುತ್ತದೆ. ಮುರುಗೋಡು, ಚೇಳುಮೀನುಗಳಲ್ಲಿ ಇಂತಹ ಎದ್ದುಕಾಣುವ ಲಕ್ಷಣಗಳಿಲ್ಲ. ಉಬ್ಬಿದ ಹೊಟ್ಟೆಯೂ ಖಚಿತ ಆಧಾರವಲ್ಲ; ಹೊಟ್ಟೆತುಂಬ ತಿಂದ ಗಂಡೂ ಹಾಗೆಯೇ ಕಾಣಬಲ್ಲದು.

ವಿಶ್ವಾಸಾರ್ಹವಾದ ಗುರುತು ಗುದದ್ವಾರದ ಹಿಂಬದಿಯಲ್ಲಿರುವ ಜನನಾಂಗದ ತೊಟ್ಟು. ಪ್ರೌಢ ಗಂಡು ಮುರುಗೋಡಿನಲ್ಲಿ ಇದು ಉದ್ದವಾಗಿ, ತುದಿಯ ಕಡೆಗೆ ಚೂಪಾಗಿರುತ್ತದೆ. ಹೆಣ್ಣಿನಲ್ಲಿ ಗಿಡ್ಡವಾಗಿ, ಗುಂಡಗೆ ಗುಂಡಿಯಂತಿದ್ದು ನಡುವೆ ಸೀಳು ಕಾಣುತ್ತದೆ. ಚೇಳುಮೀನಿನಲ್ಲಿಯೂ ಭೇದವು ಬಹುತೇಕ ಇದೇ ಬಗೆಯದು. ಆದರೆ ಅದರ ಭುಜದ ಈಜುರೆಕ್ಕೆಯ ಮುಳ್ಳು ವಿಷಯುಕ್ತವಾದುದರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಎಚ್ಚರಿಕೆಯಿಂದ ಹಿಡಿಯಬೇಕು. ಗಿರ್ಲು ಜಾತಿಯಲ್ಲಿಯೂ ಗಂಡಿಗೆ ನೀಳವಾದ ತೊಟ್ಟಿರುತ್ತದೆ. ಎಳೆಯ ಮೀನುಗಳಲ್ಲಿ ಈ ಅಂಗವು ವಿಕಾಸಗೊಂಡಿರುವುದಿಲ್ಲವಾದ್ದರಿಂದ ಅವುಗಳ ಲಿಂಗವನ್ನು ಹೊರನೋಟದಿಂದ ಹೇಳಲಾಗದು. ಮುಂಗಾರಿನ ಸಂತಾನಕಾಲದಲ್ಲಿ ಗುರುತು ಅತ್ಯಂತ ಸ್ಪಷ್ಟವಾಗಿರುತ್ತದೆ.

ಈ ಜ್ಞಾನದ ಪ್ರಯೋಜನವು ಕೇವಲ ಕುತೂಹಲಕ್ಕೆ ಸೀಮಿತವಲ್ಲ. ಮುರುಗೋಡಿನ ಪ್ರೇರಿತ ಸಂತಾನೋತ್ಪತ್ತಿಯಲ್ಲಿ ಹಾರ್ಮೋನು ಚುಚ್ಚಿದ ಹೆಣ್ಣಿನ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೊಟ್ಟೆ ಪಡೆಯಬಹುದು. ಗಂಡಿನಿಂದ ಹಾಗೆ ವೀರ್ಯ ದೊರೆಯದು. ಸಾಮಾನ್ಯವಾಗಿ ಅದನ್ನು ಕೊಯ್ದು ವೃಷಣವನ್ನು ಹೊರತೆಗೆಯಬೇಕಾಗುತ್ತದೆ. ಇಲ್ಲಿ ಲಿಂಗನಿರ್ಣಯ ತಪ್ಪಿದರೆ ಮೊಟ್ಟೆತುಂಬಿದ ಹೆಣ್ಣೊಂದು ವ್ಯರ್ಥವಾಗಿ ಸಾಯುತ್ತದೆ.

ಮಲೆನಾಡಿನ ಹತ್ತುಮೀನಿನ ಬೇಟೆಯನ್ನೂ ಇದೇ ದೃಷ್ಟಿಯಿಂದ ಗಮನಿಸಬೇಕಾಗಿದೆ. ಮೊದಲ ಮಳೆಗಳಲ್ಲಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿಬರುವ ಮೀನುಗಳನ್ನು ಆಗಲೇ ಹಿಡಿಯುವುದು ಇಲ್ಲಿಯ ಹಳೆಯ ರೂಢಿ. ಹಿಡಿದ ಮೀನಿನ ತೂಕವನ್ನಷ್ಟೇ ಬರೆದಿಟ್ಟರೆ, ಅದರಲ್ಲಿ ಬಸಿರಿ ಹೆಣ್ಣುಗಳೆಷ್ಟು ಎಂಬುದು ತಿಳಿಯುವುದಿಲ್ಲ. ಸಮೀಕ್ಷೆಗಳಲ್ಲಿ ಗಂಡು–ಹೆಣ್ಣಿನ ಸಂಖ್ಯೆಯನ್ನು ಪ್ರತ್ಯೇಕವಾಗಿ ದಾಖಲಿಸಿದಲ್ಲಿ ಮಾತ್ರ ಈ ಬೇಟೆಯಿಂದ ಮುಂದಿನ ಪೀಳಿಗೆಗೆ ಆಗುವ ನಷ್ಟವನ್ನು ಅಂದಾಜಿಸಲು ಸಾಧ್ಯ. ಅದಕ್ಕೆ ಬೇಕಾದುದು ದುಬಾರಿ ಉಪಕರಣವಲ್ಲ. ಮೀನನ್ನು ಮಗುಚಿ ನೋಡುವ ಶಿಸ್ತು.