ಸರಕು ಪಿಕಪ್ ವಾಹನಗಳ ದೋಷನಿವಾರಣೆ ಮತ್ತು ರೀಕಾಲ್ ಪದ್ಧತಿ: ಕೋಲಾರ ಜಿಲ್ಲೆಯ ದೃಷ್ಟಿಯಿಂದ ಒಂದು ವಿವೇಚನೆ

ಟೊಮೇಟೊ ಸುಗ್ಗಿಯ ದಿನಗಳಲ್ಲಿ ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವನ್ನು ಕಂಡವರಿಗೆ, ಈ ಜಿಲ್ಲೆಯ ವ್ಯಾಪಾರವು ಯಾವ ವಾಹನವನ್ನು ಆಶ್ರಯಿಸಿ ನಿಂತಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ತೋಟಗಳಿಂದ ಸುಮಾರು ೧೫ ಕಿಲೋ ಹಿಡಿಯುವ ಕ್ರೇಟುಗಳನ್ನು ಹೇರಿಕೊಂಡು ಅಲ್ಲಿಗೆ ಬರುವುದು ಬಹುಮಟ್ಟಿಗೆ ದೊಡ್ಡ ಲಾರಿಯಲ್ಲ. ಹೊಲದ ಬದುವಿನವರೆಗೂ ಹೋಗಬಲ್ಲ, ಒಂದು ಒಂದೂವರೆ ಟನ್ನಿನಷ್ಟು ಭಾರ ಹೊರಬಲ್ಲ, ಜನರು ಪಿಕಪ್ ಎಂದು ಕರೆಯುವ ಗಾಡಿ. ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ ಹೆಂಚು, ರೇಷ್ಮೆಗೂಡು, ಹಸುವಿನ ಮೇವು, ಎಲ್ಲಕ್ಕೂ ಇದೇ ಆಧಾರ. ಒಂದು ಕಾಲದಲ್ಲಿ ಎತ್ತಿನ ಬಂಡಿಗೆ ಇದ್ದ ಸ್ಥಾನವು ಇಂದು ಇದಕ್ಕೆ ಬಂದಿದೆ. ಬಂಡಿಯ ಅಚ್ಚು ಮುರಿದರೆ ಊರಿನ ಬಡಗಿಯೂ ಕಮ್ಮಾರನೂ ಸರಿಪಡಿಸುತ್ತಿದ್ದರು. ಮಾಡಿದವನೂ ರಿಪೇರಿ ಮಾಡುವವನೂ ಅದೇ ಊರಿನವನಾಗಿದ್ದುದರಿಂದ ತಪ್ಪು ಯಾರದೆಂದು ಕೇಳಲು ಬಹುದೂರ ಹೋಗಬೇಕಾಗಿರಲಿಲ್ಲ. ಪಿಕಪ್ ವಾಹನವಾದರೋ ನೂರಾರು ಮೈಲಿ ದೂರದ ಕಾರ್ಖಾನೆಯಲ್ಲಿ ತಯಾರಾಗುತ್ತದೆ; ಅಲ್ಲಿ ಆದ ತಪ್ಪು ಇಲ್ಲಿನ ರಸ್ತೆಯಲ್ಲಿ ಪ್ರಕಟವಾಗುತ್ತದೆ. ಈ ಎರಡು ಸ್ಥಳಗಳ ನಡುವಣ ಅಂತರವನ್ನು ತುಂಬಲು ಏರ್ಪಟ್ಟಿರುವ ಪದ್ಧತಿಗೆ ರೀಕಾಲ್ ಎಂದು ಹೆಸರು.

ರೀಕಾಲ್ ಎಂದರೆ, ಮಾರಾಟವಾಗಿಹೋದ ವಾಹನಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ಒಂದು ಸಮಾನ ದೋಷವಿದೆಯೆಂದು ತಿಳಿದುಬಂದಾಗ ತಯಾರಕನು ಅವುಗಳನ್ನು ಹಿಂದಕ್ಕೆ ಕರೆಸಿಕೊಂಡು ತನ್ನ ಖರ್ಚಿನಲ್ಲಿ ಸರಿಪಡಿಸುವುದು. ಇದನ್ನು ವಾರಂಟಿಯೊಡನೆ ಬೆರೆಸಬಾರದು. ವಾರಂಟಿಯಲ್ಲಿ ಕೆಟ್ಟದ್ದನ್ನು ಒಡೆಯನು ತೋರಿಸಬೇಕು. ರೀಕಾಲ್‌ನಲ್ಲಿ ಇನ್ನೂ ಕೆಡದಿರುವ ಭಾಗವನ್ನೂ, ಕೆಡುವ ಸಂಭವವಿದೆಯೆಂಬ ಕಾರಣದಿಂದಲೇ ಬದಲಾಯಿಸಬೇಕಾಗುತ್ತದೆ. ಆದುದರಿಂದ ರೀಕಾಲ್‌ನ ಯಶಸ್ಸು ಮೆಕ್ಯಾನಿಕನ ಕುಶಲತೆಗಿಂತ ಮೊದಲು ಇನ್ನೊಂದನ್ನು ಅವಲಂಬಿಸುತ್ತದೆ: ಆ ವಾಹನ ಈಗ ಯಾರ ಕೈಯಲ್ಲಿದೆಯೆಂಬ ತಿಳಿವಳಿಕೆಯನ್ನು. ಇದು ಯಂತ್ರಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ದಾಖಲೆಯ ಪ್ರಶ್ನೆಯೂ ಆಗಿದೆ. ಇತಿಹಾಸದ ಅಧ್ಯಾಪಕನೊಬ್ಬನು ಈ ವಿಷಯಕ್ಕೆ ಕೈಹಾಕಿರುವುದಕ್ಕೆ ಸಮರ್ಥನೆ ಬೇಕೆನಿಸಿದರೆ ಅದು ಇಷ್ಟೆ.

ಈ ಪದ್ಧತಿಯು ಶಾಸನರೂಪವನ್ನು ಪಡೆದದ್ದು ಅಮೆರಿಕದಲ್ಲಿ. ರಾಲ್ಫ್ ನೇಡರ್ ಅವರು ೧೯೬೫ರಲ್ಲಿ ಮೋಟಾರು ತಯಾರಕರ ಅಲಕ್ಷ್ಯವನ್ನು ಬಯಲಿಗೆಳೆದು ಬರೆದ ಗ್ರಂಥವು ದೊಡ್ಡ ಕೋಲಾಹಲವನ್ನೆಬ್ಬಿಸಿತು; ಮರುವರ್ಷ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ವಾಹನ ಸುರಕ್ಷತಾ ಶಾಸನಕ್ಕೆ ಸಹಿ ಹಾಕಿದರು. ೧೯೬೬ರ ಆ ಶಾಸನವು ತಯಾರಕನಿಗೆ ವಿಧಿಸಿದ ಕರ್ತವ್ಯವು ಕೇವಲ ತಿಳಿಸುವುದಾಗಿತ್ತು. ವಾಹನವನ್ನು ಮೊದಲು ಕೊಂಡವನಿಗೂ, ವಾರಂಟಿಯು ಯಾರಿಗೆ ವರ್ಗವಾಗಿದೆಯೋ ಅವನಿಗೂ ಅಂಚೆಯ ಮೂಲಕ ದೋಷವನ್ನು ತಿಳಿಸಿದರೆ ತೀರಿತು. ಪುಕ್ಕಟೆಯಾಗಿ ಸರಿಪಡಿಸಿ ಕೊಡಬೇಕೆಂಬ ನಿಯಮ ಬಂದದ್ದು ೧೯೭೪ರ ತಿದ್ದುಪಡಿಯಿಂದ. ಅದೇ ತಿದ್ದುಪಡಿಯಲ್ಲಿ, ಪತ್ರವನ್ನು ರಾಜ್ಯದ ನೋಂದಣಿ ಪುಸ್ತಕದಲ್ಲಿ ಒಡೆಯನೆಂದು ಕಾಣುವವನಿಗೆ ಕಳುಹಿಸಬೇಕೆಂಬ ಮಾತೂ ಸೇರಿತು. ಮೊದಲ ಕೊಳ್ಳುಗನಿಂದ ನೋಂದಾಯಿತ ಒಡೆಯನವರೆಗಿನ ಈ ಒಂದು ಹೆಜ್ಜೆಗೆ ಎಂಟು ವರ್ಷ ಹಿಡಿಯಿತೆಂಬುದು ಗಮನಾರ್ಹ.

ಶಾಸನವಿದ್ದ ಮಾತ್ರಕ್ಕೆ ಕಾರ್ಯ ಮುಗಿಯದೆಂಬುದಕ್ಕೂ ಅಲ್ಲಿನದೇ ನಿದರ್ಶನವುಂಟು. ೨೦೧೫ರ ಜುಲೈನಲ್ಲಿ ಫಿಯಟ್ ಕ್ರೈಸ್ಲರ್ ಸಂಸ್ಥೆಯು, ೨೩ ರೀಕಾಲ್‌ಗಳನ್ನು ಸರಿಯಾಗಿ ನಡೆಸಲಿಲ್ಲವೆಂಬ ಆರೋಪದಲ್ಲಿ, ೧೦೫ ಮಿಲಿಯನ್ ಡಾಲರಿನ ದಂಡಕ್ಕೆ ಒಪ್ಪಬೇಕಾಯಿತು. ಅವುಗಳಲ್ಲಿ ಮುಖ್ಯವಾದದ್ದು ರ‍್ಯಾಮ್ ಎಂಬ ಭಾರಿ ಪಿಕಪ್‌ಗಳದು. ಚಾಲಕನ ಹತೋಟಿ ತಪ್ಪುವಂತೆ ಮಾಡಬಲ್ಲ ಸಸ್ಪೆನ್ಷನ್ ದೋಷವಿದ್ದ, ಐದು ಲಕ್ಷಕ್ಕೂ ಮಿಕ್ಕಿದ ಆ ವಾಹನಗಳ ಪೈಕಿ ಇನ್ನೂ ದುರಸ್ತಿಯಾಗದೆ ಉಳಿದವನ್ನು ಮರಳಿ ಕೊಳ್ಳಲು ಸಂಸ್ಥೆಯು ಒಪ್ಪಿತು. ಪತ್ರ ಹೋಗಿದ್ದರೂ ವಾಹನ ಬಂದಿರಲಿಲ್ಲ, ಅಥವಾ ವಾಹನ ಬಂದರೂ ಬಿಡಿಭಾಗ ಬಂದಿರಲಿಲ್ಲ; ಆದುದರಿಂದಲೇ ಸರಕಾರ ನಡುವೆ ಬರಬೇಕಾಯಿತು.

ಭಾರತದಲ್ಲಿ ಬಹುಕಾಲ ಇದಕ್ಕೆ ಶಾಸನವೇ ಇರಲಿಲ್ಲ. ೨೦೧೨ರ ಜುಲೈನಲ್ಲಿ ಮೋಟಾರು ತಯಾರಕರ ಸಂಘವು ಸ್ವಇಚ್ಛೆಯ ರೀಕಾಲ್ ಸಂಹಿತೆಯೊಂದನ್ನು ರಚಿಸಿಕೊಂಡಿತು. ೨೦೧೯ರ ಮೋಟಾರು ವಾಹನ ತಿದ್ದುಪಡಿ ಶಾಸನವು ೧೧೦ಎ ಎಂಬ ಹೊಸ ಪ್ರಕರಣವನ್ನು ಸೇರಿಸಿತು. ಅದಕ್ಕೆ ಸಂಬಂಧಿಸಿದ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ನಿಗದಿಯಾದ ಪ್ರಮಾಣದಲ್ಲಿ ಒಡೆಯರಿಂದ ದೂರು ಬಂದರೆ, ಅಥವಾ ಪರೀಕ್ಷಣ ಸಂಸ್ಥೆಯೋ ಬೇರೆ ಮೂಲವೋ ದೋಷವನ್ನು ತಿಳಿಸಿದರೆ, ಕೇಂದ್ರ ಸರಕಾರವು ರೀಕಾಲ್ ಆಜ್ಞೆ ಮಾಡಬಹುದು. ಆಗ ತಯಾರಕನು ಹಣ ಹಿಂದಿರುಗಿಸಬೇಕು, ಇಲ್ಲವೆ ಬೇರೆ ವಾಹನ ಕೊಡಬೇಕು, ಇಲ್ಲವೆ ರಿಪೇರಿ ಮಾಡಿಕೊಡಬೇಕು. ದಂಡವು ಒಂದು ಕೋಟಿ ರೂಪಾಯಿಯವರೆಗೂ ಹೋಗಬಹುದು. ತಾನಾಗಿಯೇ ದೋಷವನ್ನು ಸರಕಾರಕ್ಕೆ ತಿಳಿಸಿ ರೀಕಾಲ್ ಆರಂಭಿಸಿದವನಿಗೆ ದಂಡವಿಲ್ಲ. ಈ ಕೊನೆಯ ವಿಧಿಯು ವಿವೇಕಯುತವಾದದ್ದೆಂದೇ ಹೇಳಬೇಕು. ದೋಷವನ್ನು ಬಚ್ಚಿಡುವುದಕ್ಕಿಂತ ಒಪ್ಪಿಕೊಳ್ಳುವುದು ಅಗ್ಗವಾಗುವಂತೆ ಅದು ಮಾಡುತ್ತದೆ.

ನಿಯಮಗಳು ಜಾರಿಗೆ ಬಂದ ಕೆಲವೇ ತಿಂಗಳಿಗೆ, ೨೦೨೧ರ ಜುಲೈನಲ್ಲಿ, ಮಹೀಂದ್ರ ಸಂಸ್ಥೆಯು ೨೦೨೦ರ ಜನವರಿಯಿಂದ ೨೦೨೧ರ ಫೆಬ್ರವರಿಯವರೆಗೆ ತಯಾರಾದ ೨೯,೮೭೮ ಪಿಕಪ್‌ಗಳನ್ನು ತಾನಾಗಿಯೇ ಪರಿಶೀಲನೆಗೆ ಕರೆಸಿತು. ದ್ರವ ಹರಿಯುವ ಒಂದು ಪೈಪಿನ ಜೋಡಣೆಯು ಸರಿಯಾಗಿಲ್ಲವೆಂಬ ಶಂಕೆ ಕಾರಣ. ಪರಿಶೀಲನೆಯೂ ಬದಲಾವಣೆಯೂ ಉಚಿತವೆಂದೂ, ಗ್ರಾಹಕರನ್ನು ಪ್ರತ್ಯೇಕವಾಗಿ ಸಂಪರ್ಕಿಸಲಾಗುವುದೆಂದೂ ಸಂಸ್ಥೆಯು ಪ್ರಕಟಿಸಿತು. ಪೈಪು ಎಂದಾಕ್ಷಣ ಅಲ್ಪವಸ್ತುವೆಂದು ತಿಳಿಯಬಾರದು. ಮೋಟಾರು ವಾಹನದಲ್ಲಿ ಬ್ರೇಕ್, ಕ್ಲಚ್, ಸ್ಟೀರಿಂಗ್, ತಂಪುಕಾರಕ, ಇಂಧನ ಎಲ್ಲವೂ ದ್ರವವನ್ನು ಅವಲಂಬಿಸಿವೆ. ದೋಷಯುಕ್ತ ಜೋಡಣೆಯು ಕಾರ್ಖಾನೆಯಿಂದ ಹೊರಟ ದಿನವೇ ಸೋರುವುದಿಲ್ಲ. ಭಾರ, ಕುಲುಕಾಟ, ಬಿಸಿ ಇವುಗಳಿಂದ ತಿಂಗಳುಗಳ ಮೇಲೆ ಸಡಿಲವಾಗುತ್ತದೆ. ಅಂದರೆ ದೋಷವು ಹೊರಬೀಳುವ ವೇಳೆಗೆ ವಾಹನವು ದುಡಿಮೆಯ ಮಧ್ಯದಲ್ಲಿರುತ್ತದೆ.

ಕೋಲಾರದ ದುಡಿಮೆ ಎಂತಹುದೆಂಬುದನ್ನು ಇಲ್ಲಿ ನೆನೆಯಬೇಕು. ಕೋಲಾರದಿಂದ ಮುಳಬಾಗಿಲು, ನಂಗಲಿಗಳ ಮಾರ್ಗವಾಗಿ ಪೂರ್ವಕ್ಕೆ ಹೋಗುವ ಹೆದ್ದಾರಿಯು ಪಲಮನೇರನ್ನು ದಾಟಿ ಮೊಗಿಲಿ ಘಟ್ಟದಲ್ಲಿ ಇಳಿದು ಚಿತ್ತೂರಿಗೆ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರ್ ಎತ್ತರದ ಕೋಲಾರದಿಂದ ಹೊರಟ ವಾಹನವು ಅದರ ಅರ್ಧಕ್ಕೂ ಕಡಿಮೆ ಎತ್ತರದ ಚಿತ್ತೂರಿಗೆ ಭಾರ ಹೊತ್ತು ಇಳಿಯುತ್ತದೆ. ಹೀಗೆ ಇಳಿಯುವಾಗ ಬ್ರೇಕ್ ಪಡೆಯುವ ಬಿಸಿಯು ಊರೊಳಗಿನ ಓಡಾಟದಲ್ಲಿ ಎಂದೂ ಬಾರದು. ಹೊಲದಿಂದ ಮಾರುಕಟ್ಟೆಗೆ ಹೋಗುವಾಗ ನಿರುಪದ್ರವಿಯಾಗಿದ್ದ ಸಣ್ಣ ನ್ಯೂನತೆಯು ಘಟ್ಟದಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ತಯಾರಕನ ಪತ್ರವು ಯಾರಿಗೆ ಹೋಗುತ್ತದೆ? ಮಾರಾಟದ ಕಾಲದಲ್ಲಿ ಡೀಲರನು ಬರೆದುಕೊಂಡ ಹೆಸರಿಗೆ, ಅಥವಾ ನೋಂದಣಿಯಲ್ಲಿರುವ ಹೆಸರಿಗೆ. ಪಿಕಪ್ ವಾಹನವಾದರೋ ಬೇಗ ಕೈ ಬದಲಾಯಿಸುವ ಸ್ವತ್ತು. ಸಾಲದ ಕಂತು ತೀರುವುದಕ್ಕೆ ಮೊದಲೇ, ಕಂತಿನ ಹೊಣೆಯನ್ನೂ ಸೇರಿಸಿ, ಬಾಯಿಮಾತಿನಲ್ಲೋ ಸ್ಟಾಂಪು ಕಾಗದದಲ್ಲೋ ಅದನ್ನು ಮತ್ತೊಬ್ಬನಿಗೆ ಬಿಟ್ಟುಕೊಡುವುದುಂಟು. ಕಂತು ತೀರುವವರೆಗೆ ಆರ್‌ಸಿ ಮೊದಲಿನವನ ಹೆಸರಿನಲ್ಲಿಯೇ ಉಳಿಯುತ್ತದೆ. ತೀರಿದ ಮೇಲೂ ಖರ್ಚಿಗೆ ಹೆದರಿ ಹಾಗೆಯೇ ಬಿಡುವವರಿದ್ದಾರೆ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು ೧೪ ದಿನದೊಳಗೂ ಕೊಂಡವನು ೩೦ ದಿನದೊಳಗೂ ತಿಳಿಸಬೇಕೆಂದು ಮೋಟಾರು ವಾಹನ ಶಾಸನದ ೫೦ನೆಯ ಪ್ರಕರಣ ವಿಧಿಸುತ್ತದೆ. ವಿಧಿಗೂ ರೂಢಿಗೂ ಇರುವ ಅಂತರವನ್ನು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ಪ್ರಕರಣದಲ್ಲಿ ಎದುರಿಸಿತು. ಹಲವು ಕೈ ದಾಟಿದ ವಾಹನದಿಂದ ಅಪಘಾತವಾದಾಗ, ದಾಖಲೆಯಲ್ಲಿ ಹೆಸರಿರುವವನೇ ಒಡೆಯನೆಂದೂ ಪರಿಹಾರಕ್ಕೆ ಅವನೇ ಹೊಣೆಯೆಂದೂ ಅದು ತೀರ್ಪಿತ್ತಿತು. ಹೀಗೆ ಕೆ.ಎ. ೦೭ ಎಂಬ ಸಂಖ್ಯೆಯ ಗಾಡಿಯೊಂದು ಮಾಲೂರಿನಲ್ಲಿ ನೋಂದಾಯಿತವಾದ ಹೆಸರಿನಲ್ಲಿದ್ದು, ಮುಳಬಾಗಿಲಿನ ಹಳ್ಳಿಯೊಂದರಲ್ಲಿ ಮೂರನೆಯವನ ಕೈಯಲ್ಲಿ ದುಡಿಯುತ್ತಿರಬಹುದು. ಪತ್ರವು ಹೆಸರನ್ನು ಹಿಂಬಾಲಿಸುತ್ತದೆ, ದೋಷವು ಗಾಡಿಯನ್ನು ಹಿಂಬಾಲಿಸುತ್ತದೆ. ಎರಡಕ್ಕೂ ಭೇಟಿಯಾಗುವುದು ಅಪಘಾತವಾದ ಮೇಲೆಯೇ.

ಪ್ರಾಸಂಗಿಕವಾಗಿ ಒಂದು ಮಾತು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಕೆರೆಗಳನ್ನೇ ನಂಬಿ ಬದುಕಿದ ನಾಡಾದುದರಿಂದ ಕೆರೆ ಕಟ್ಟಿಸಿದ ದಾನಿಗಳ ಮಾತು ಇಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಮೈಸೂರಿನಲ್ಲಿ ಕೊಡಗಿ ಎಂಬ ಮಾನ್ಯವಿತ್ತು: ಕೆರೆಯನ್ನು ಕಟ್ಟಿದವನಿಗೋ ಜೀರ್ಣೋದ್ಧಾರ ಮಾಡಿದವನಿಗೋ ಅದರ ಕೆಳಗಣ ಭೂಮಿಯನ್ನು, ಕೆರೆಯನ್ನು ಸುಸ್ಥಿತಿಯಲ್ಲಿಡಬೇಕೆಂಬ ಷರತ್ತಿನ ಮೇಲೆ ಬಿಟ್ಟುಕೊಡುತ್ತಿದ್ದರು. ಕೆರೆಯ ರಕ್ಷಣೆಯ ಕರ್ತವ್ಯವು ಭೂಮಿಗೆ ಅಂಟಿಕೊಂಡಿತ್ತು. ಯಾರು ಉಳುತ್ತಿರುವರೆಂಬುದು ಊರಿಗೆಲ್ಲ ಕಣ್ಣಿಗೆ ಕಾಣುತ್ತಿತ್ತು. ಚಲಿಸುವ ಸ್ವತ್ತಿಗೆ ಇಂತಹ ಅನುಕೂಲವಿಲ್ಲ.

ಪತ್ರವು ಸರಿಯಾದ ಕೈಗೇ ಸೇರಿತೆನ್ನೋಣ. ಆಗಲೂ ಇನ್ನೊಂದು ತೊಡಕುಂಟು. ಉಚಿತವೆಂದರೆ ಬಿಡಿಭಾಗವೂ ಕೂಲಿಯೂ ಉಚಿತ. ಗಾಡಿ ನಿಂತ ದಿನದ ಬಾಡಿಗೆಯನ್ನು ಯಾರೂ ಕೊಡುವುದಿಲ್ಲ. ಜುಲೈ ಎಂದರೆ ಟೊಮೇಟೊ ಕಾಲ. ಕಂತು ಕಟ್ಟಬೇಕಾದ ಚಾಲಕನು, ಓಡುತ್ತಿರುವ ಗಾಡಿಯನ್ನು ಏನೂ ಕಾಣದ ದೋಷಕ್ಕಾಗಿ ಸರ್ವಿಸ್ ಕೇಂದ್ರಕ್ಕೆ ಒಯ್ದು ನಿಲ್ಲಿಸಬೇಕೆಂದರೆ ಮನಸ್ಸು ಮಾಡುವುದು ಕಷ್ಟ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಅಪಘಾತ ಸಂಭವಿಸಿದಾಗ ದೋಷದ ಗುರುತು ಅಳಿಸಿಹೋಗುವ ಬಗೆಯೂ ವಿಚಾರಾರ್ಹ. ಹೆಚ್ಚು ಭಾರ ಹೊರಿಸಲೆಂದು ಕಮಾನಿಗೆ ಒಂದೆರಡು ಪಟ್ಟಿಗಳನ್ನು ಗ್ಯಾರೇಜಿನಲ್ಲಿ ಸೇರಿಸಿಕೊಳ್ಳುವ ರೂಢಿಯಿದೆ. ಮಿತಿಮೀರಿದ ಭಾರವು ಅಪರಾಧವೂ ಹೌದು, ಅಪಾಯವೂ ಹೌದು. ಆದರೆ ಅದು ಕಾರ್ಖಾನೆಯ ದೋಷವನ್ನು ಇಲ್ಲವಾಗಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೆ. ಪೊಲೀಸರು ಚಾಲಕನ ಮೇಲೆ ನಿರ್ಲಕ್ಷ್ಯದ ಮೊಕದ್ದಮೆ ಹೂಡುತ್ತಾರೆ. ಮೋಟಾರು ವಾಹನ ನಿರೀಕ್ಷಕರು ಗಾಡಿಯನ್ನು ಪರೀಕ್ಷಿಸಿ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೇ ಅಲ್ಲವೇ ಎಂದು ವರದಿ ಕೊಡುತ್ತಾರೆ. ಆ ಚಾಸಿ ಸಂಖ್ಯೆಯು ಯಾವುದಾದರೂ ರೀಕಾಲ್ ಪಟ್ಟಿಯಲ್ಲಿತ್ತೇ ಎಂಬ ಪ್ರಶ್ನೆಯನ್ನು ಅದೇ ವರದಿಯಲ್ಲಿ ಕೇಳಿದರೆ ಚಾಲಕನಿಗೆ ನ್ಯಾಯ ದೊರೆಯುವ ಸಂಭವ ಹೆಚ್ಚು. ದೂರುಗಳ ಸಂಖ್ಯೆಯ ಮೇಲೆ ರೀಕಾಲ್ ನಿಂತಿರುವಾಗ, ದೋಷವು ಚಾಲಕನ ತಪ್ಪೆಂದು ಬರೆಯಲ್ಪಟ್ಟ ಪ್ರತಿಯೊಂದು ಪ್ರಕರಣವೂ ಒಂದು ದೂರನ್ನು ಕಡಮೆ ಮಾಡುತ್ತದೆ.

ಗ್ರಾಹಕ ನ್ಯಾಯಾಲಯದ ಬಾಗಿಲೂ ಪಿಕಪ್ ಒಡೆಯನಿಗೆ ಅರ್ಧ ಮಾತ್ರ ತೆರೆದಿದೆ. ವಾಣಿಜ್ಯೋದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲವೆಂಬುದು ಶಾಸನದ ಮಾತು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ಬಳಸುವವನಿಗೆ ವಿನಾಯಿತಿ. ೧೯೯೫ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಲಾರಿ ಕೊಂಡು ತಾನೇ ಓಡಿಸುವವನು ಗ್ರಾಹಕನೆಂದೂ, ವಾಹನವನ್ನು ಸಂಪೂರ್ಣವಾಗಿ ಇನ್ನೊಬ್ಬನಿಂದ ಓಡಿಸುವವನು ಗ್ರಾಹಕನಲ್ಲವೆಂದೂ ವಿವರಿಸಿತು. ಎರಡು ಗಾಡಿ ಇಟ್ಟು ಒಂದನ್ನು ತಾನು, ಇನ್ನೊಂದನ್ನು ಸಂಬಳದ ಚಾಲಕನಿಂದ ಓಡಿಸುವ ಸಣ್ಣ ರೈತನು ಯಾವ ಕಡೆಗೆ ಸೇರುತ್ತಾನೆಂಬುದು ಪ್ರತಿ ಪ್ರಕರಣದಲ್ಲಿಯೂ ವಾದಿಸಬೇಕಾದ ವಿಷಯ.

ಪರಿಹಾರದ ದಾರಿಯೊಂದು ನಮ್ಮ ಕಣ್ಣೆದುರಿಗೇ ಇದೆಯೆಂದು ಈ ಲೇಖಕನ ಅಭಿಪ್ರಾಯ. ಬಾಡಿಗೆಗೆ ಓಡುವ ಸರಕು ವಾಹನವು ಮೊದಲ ಎಂಟು ವರ್ಷಗಳಲ್ಲಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಪಡೆಯಬೇಕು. ಒಡೆಯನ ಹೆಸರು ಏನೇ ಇರಲಿ, ಗಾಡಿಯನ್ನು ಅಲ್ಲಿಗೆ ತರುವವನು ಈಗ ಅದನ್ನು ಇಟ್ಟುಕೊಂಡಿರುವವನೇ. ಆ ಸಂದರ್ಭದಲ್ಲಿ ಚಾಸಿ ಸಂಖ್ಯೆಯನ್ನು ರೀಕಾಲ್ ಪಟ್ಟಿಯೊಡನೆ ಹೋಲಿಸಿ ನೋಡಿದರೆ ಪತ್ರ ತಪ್ಪಿದ ಕಡೆಯಲ್ಲೂ ಸುದ್ದಿ ತಲಪುತ್ತದೆ. ಜರ್ಮನಿಯಲ್ಲಿ ಫ್ಲೆನ್ಸ್‌ಬರ್ಗಿನ ಕೇಂದ್ರ ವಾಹನ ಕಚೇರಿಯು ಒಡೆಯರ ವಿಳಾಸಗಳನ್ನು ರೀಕಾಲಿಗಾಗಿ ತಯಾರಕರಿಗೆ ಒದಗಿಸುತ್ತದೆ. ಗಂಭೀರ ದೋಷವನ್ನು ಸರಿಪಡಿಸಿಕೊಳ್ಳದ ವಾಹನದ ಸಂಚಾರವನ್ನು ಅಲ್ಲಿ ನಿಷೇಧಿಸಲೂಬಹುದು. ನಮ್ಮಲ್ಲಿ ನಿಷೇಧವು ಬಡವನ ಮೇಲೆಯೇ ಬೀಳುವುದಾದ್ದರಿಂದ ಅದನ್ನು ಶಿಫಾರಸು ಮಾಡಲು ಮನಸ್ಸಾಗದು. ತಿಳಿಸುವುದಾದರೂ ಆಗಬೇಕು. ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ಗ್ಯಾರೇಜುಗಳ ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸಿ, ಒಂದೇ ಮಾದರಿಯ ಗಾಡಿಯಲ್ಲಿ ಒಂದೇ ಭಾಗವು ಎಷ್ಟು ಬಾರಿ ಬದಲಾಗಿದೆಯೆಂದು ಎಣಿಸಿದರೆ, ಯಾವ ಕಚೇರಿಯಲ್ಲಿಯೂ ದೊರೆಯದ ಸಾಮಗ್ರಿ ದೊರೆತೀತು.

ಕಡೆಯದಾಗಿ ಕಾಲಮಿತಿಯ ವಿಷಯ. ೨೦೨೧ರ ನಿಯಮಗಳು ಏಳು ವರ್ಷ ಮೀರದ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. ಹೊಸ ಗಾಡಿಯನ್ನು ಕೊಳ್ಳುವವನು ಸಾಲ ಸಿಗುವಷ್ಟು ಅನುಕೂಲಸ್ಥನು. ಐದಾರು ವರ್ಷ ದುಡಿಸಿ ಅವನು ಮಾರಿದ ಮೇಲೆಯೇ ಅದು ಎರಡೆಕರೆ ಟೊಮೇಟೊ ಇಟ್ಟವನ ಕೈಗೆ ಬರುತ್ತದೆ. ೨೦೨೦ರ ಜನವರಿಯಲ್ಲಿ ತಯಾರಾದ ಪಿಕಪ್‌ಗೆ ೨೦೨೭ರ ಜನವರಿಯಲ್ಲಿ ಏಳು ವರ್ಷ ತುಂಬುತ್ತದೆ. ಅಲ್ಲಿಂದ ಮುಂದೆ ಅದರಲ್ಲಿ ಹೊಸದಾಗಿ ಕಾಣಬರುವ ದೋಷಕ್ಕೆ ಈ ನಿಯಮದ ಬಲದಿಂದ ರೀಕಾಲ್ ಕೇಳುವಂತಿಲ್ಲ. ಎಫ್‌ಸಿ ಮಾತ್ರ ಇನ್ನೊಂದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಆಗತೊಡಗುತ್ತದೆ.