ಬೆಳಗಾಗುವ ತನಕ ಕಥೆ: ನೀಲಗಾರರ ಮೇಳದೆದುರು ಒಂದು ರಾತ್ರಿ

ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಗುರು ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಒಕ್ಕಲಿನವರು ಹರಕೆ ತೀರಿಸಬೇಕಾದಾಗ ನೀಲಗಾರರನ್ನು ಕರೆಸಿ ಕಥೆ ಮಾಡಿಸುತ್ತಾರೆ. ಅದಕ್ಕೆ ವೇದಿಕೆ ಬೇಡ. ಮನೆ ಮುಂದೆ ಒಂದು ಚಪ್ಪರ, ಹಾಸಲು ಚಾಪೆ, ದೇವರ ಗುರುತಾದ ಕಂಡಾಯ, ಹಣೆಗಿಡಲು ಕಪ್ಪು ಧೂಳ್ತ, ಉರಿಯುವ ದೀಪ ಇದ್ದರೆ ಸಾಕು. ಹಾಡುವವರ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಕೇಳುವವರು ಕೂತಿರುತ್ತಾರೆ. ಮಂಟೇಸ್ವಾಮಿಯ ಕಾವ್ಯ ಹುಟ್ಟಿ ಬೆಳೆದದ್ದು ಇಂಥ ಅಂಗಳಗಳಲ್ಲಿ. ಅದರ ನಿಜವಾದ ರುಚಿ ಸಿಗುವುದೂ ಇಲ್ಲಿಯೇ.

ನೀಲಗಾರರು ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಪಡೆದವರು. ದಲಿತರೂ ಸೇರಿದಂತೆ ಹಲವು ಸಮುದಾಯಗಳವರು ಇವರಲ್ಲಿದ್ದಾರೆ. ಭಿಕ್ಷೆಗೆ ಹೋಗುವುದು, ಗುರುವಿನ ಕಥೆ ಹಾಡುವುದು ಇವರು ಒಪ್ಪಿಕೊಂಡ ವ್ರತ. ಮುಖ್ಯ ಗಾಯಕ ತಂಬೂರಿಯನ್ನು ಭುಜಕ್ಕೊರಗಿಸಿ ಮೀಟುತ್ತಾನೆ, ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾನೆ. ಡಕ್ಕಿ, ತಾಳ ಹಿಡಿದ ಹಿಮ್ಮೇಳದವರು ಅವನ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ.

ಕಥೆ ಕಲ್ಯಾಣದಲ್ಲಿ ಶುರುವಾಗುತ್ತದೆ. ಮಂಟೇಸ್ವಾಮಿ ರೋಗಿಷ್ಠನ ರೂಪದಲ್ಲಿ, ಮೈಯೆಲ್ಲ ನಾರುತ್ತ ಬಸವಣ್ಣನವರ ಮಹಾಮನೆಯ ಬಾಗಿಲಿಗೆ ಬರುತ್ತಾರೆ. ಶರಣರೆನಿಸಿಕೊಂಡ ಎಷ್ಟೋ ಜನ ಆ ಪರೀಕ್ಷೆಯಲ್ಲಿ ಸೋಲುತ್ತಾರೆ. ಅಲ್ಲಿಂದ ಗುರು ತೆಂಕಣಕ್ಕೆ ಇಳಿದು ಬರುತ್ತಾರೆ. ಶಿಷ್ಯರಾದ ರಾಚಪ್ಪಾಜಿ, ದೊಡ್ಡಮ್ಮತಾಯಿ, ಚನ್ನಾಜಮ್ಮ ಕಥೆಯೊಳಕ್ಕೆ ಬರುತ್ತಾರೆ. ಕಬ್ಬಿಣದ ಕೆಲಸದ ಮನೆತನದ ಕೆಂಪಾಚಾರಿ ಎಷ್ಟೋ ಕಷ್ಟ ಉಂಡು ಸಿದ್ದಪ್ಪಾಜಿಯಾಗುತ್ತಾನೆ, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡುತ್ತಾನೆ. ಇಂಥ ಒಂದೊಂದು ಘಟ್ಟವೂ ಒಂದೊಂದು ‘ಸಾಲು’. ಯಾವ ಸಾಲು ಹಾಡಬೇಕೆಂದು ಕಥೆ ಮಾಡಿಸುವ ಮನೆಯವರೇ ಕೇಳಬಹುದು.

ಹಿರಿಯ ನೀಲಗಾರನೊಬ್ಬ ಹಾಡುವಾಗ ಎದುರಿಗೆ ಪುಸ್ತಕವಿರುವುದಿಲ್ಲ. ಕಥೆಯ ದಾರಿ ಅವನಿಗೆ ಗೊತ್ತು, ಮಾತು ಮಾತ್ರ ಆ ರಾತ್ರಿಯದು. ಹಾಡುತ್ತಿದ್ದವನು ತಟ್ಟನೆ ಮಾತಿಗಿಳಿಯುತ್ತಾನೆ. ಗುರುವಿಗೂ ಶಿಷ್ಯನಿಗೂ ಜಗಳ ಹಚ್ಚಿ ನಮ್ಮೂರಿನ ಆಡುಮಾತಿನಲ್ಲೇ ಇಬ್ಬರನ್ನೂ ಮಾತಾಡಿಸುತ್ತಾನೆ. ಎದುರಿನ ಅಜ್ಜಿಯ ಕಣ್ಣು ಒದ್ದೆಯಾದರೆ ಆ ದುಃಖವನ್ನು ಇನ್ನಷ್ಟು ಹಿಗ್ಗಿಸುತ್ತಾನೆ, ಹುಡುಗರು ತೂಕಡಿಸಿದರೆ ತಾಳ ಬಿರುಸಾಗುತ್ತದೆ. ನಿನ್ನೆ ಗಳಿಗೆಯಲ್ಲಿ ಮುಗಿದ ಪ್ರಸಂಗ ಇಂದು ತಾಸುಗಟ್ಟಲೆ ಬೆಳೆಯಬಹುದು. ಹಾಗಾಗಿ ಇಲ್ಲಿ ಹಾಡುಗಾರನೇ ಕವಿ. ಇದೇ ಬಗೆಯ ಇನ್ನೊಂದು ಬಾಯಿಮಾತಿನ ಕಾವ್ಯವನ್ನು ನೋಡಿ: ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ‘ಮಲೆ ಮಾದೇಶ್ವರ’ ಕಾವ್ಯವನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. ಅಂಥವರನ್ನು ನಾವು ಕವಿಗಳ ಸಾಲಿನಲ್ಲಿ ಕೂರಿಸಿ ನೋಡಬೇಕು.

ಜನ ಮಾದಪ್ಪನೆಂದು ಕರೆಯುವ ಈ ಮಾದೇಶ್ವರನ ಕಥೆ ಹಾಡುವವರು ದೇವರಗುಡ್ಡರು, ಅವರ ಕೈಯಲ್ಲಿರುವುದು ಕಂಸಾಳೆ. ಮಾದಪ್ಪ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ರಾಗಿ ಬೀಸಿದ ಪ್ರಸಂಗ ಬಂದಾಗ ಕೇಳುವವರಿಗೆ ಅದು ದೂರದ ಪುರಾಣ ಅನ್ನಿಸುವುದಿಲ್ಲ. ಬೆಟ್ಟದ ಚಾಮುಂಡಿಗೂ ಕಪಿಲಾ ತೀರದ ನಂಜುಂಡನಿಗೂ ಪ್ರೀತಿ ಬೆಳೆದ ಕಥೆಯೂ ಇದೇ ಸೀಮೆಯ ಜನಪದರ ಬಾಯಲ್ಲಿದೆ. ದೇವರುಗಳು ನಮ್ಮ ಊರುಗಳ ನಡುವೆಯೇ ನಡೆದಾಡಿ, ಹಸಿದು, ಮುನಿದು, ಬೇಡಿ ಉಂಡವರು ಎಂಬ ನಂಬಿಕೆ ಈ ಹಾಡಿಗೆ ಆಸರೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕೃತಿಯ ಗದ್ಯವನ್ನು ಗಟ್ಟಿಯಾಗಿ ಓದಿ ನೋಡಿ, ಈ ಅಂಗಳಗಳ ಕಥನದ ಉಸಿರು ಅದರಲ್ಲಿ ಕೇಳಿಸುತ್ತದೆ.

ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಈ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದವು. 1996ರ ‘ಜನುಮದ ಜೋಡಿ’ ಸಿನಿಮಾದಿಂದ ಮಾದಪ್ಪನ ಪದ ನಗರದವರ ನಾಲಿಗೆಗೂ ಹತ್ತಿತು. ಇವೆರಡೂ ದೊಡ್ಡ ಉಪಕಾರಗಳು. ಆದರೆ ಸಭೆ ಸಮಾರಂಭಗಳಲ್ಲಿ ಮೇಳವನ್ನು ಕರೆಸಿ, ಅತಿಥಿಗಳು ಬರುವ ತನಕ ಹತ್ತು ನಿಮಿಷ ಹಾಡಿಸಿ ಕಳಿಸುವ ರೂಢಿ ಈ ಕಲೆಗೆ ನ್ಯಾಯ ಮಾಡುವುದಿಲ್ಲ. ಹತ್ತು ನಿಮಿಷದಲ್ಲಿ ತಂಬೂರಿಯ ನಾದ ಕೇಳಿಸೀತು, ಕೆಂಪಾಚಾರಿಯ ಸಂಕಟ ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೆ ನಡುರಾತ್ರಿಯ ನಿಧಾನ ಬೇಕು, ಹೂಂಗುಟ್ಟುವ ಜನ ಬೇಕು.

ಕೇಳಬೇಕೆನ್ನುವವರಿಗೆ ಅವಕಾಶಗಳಿವೆ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಂದು ಚಂದ್ರಮಂಡಲ ಹೊತ್ತಿಸಿ ಸಿದ್ದಪ್ಪಾಜಿಯ ಜಾತ್ರೆ ಆರಂಭಿಸುತ್ತಾರೆ. ಮೈಸೂರು ಜಿಲ್ಲೆಯ ಕಾವೇರಿ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆ ಇದೆ. ಅಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ ಜಾತ್ರೆ. ಆದರೆ ಪರಿಚಯದವರ ಮನೆಯಲ್ಲಿ ಕಥೆ ಮಾಡಿಸುತ್ತಾರೆಂದು ಗೊತ್ತಾದರೆ ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಮೊಬೈಲು ಒಳಗಿಟ್ಟು, ಹಿರಿಯರ ಪಕ್ಕ ಕೂತು, ಅವರು ಹೂಂಗುಟ್ಟಿದಾಗ ನೀವೂ ಹೂಂಗುಟ್ಟಿ. ಮಕ್ಕಳನ್ನೂ ಕರೆದೊಯ್ಯಿರಿ. ಮೇಳ ಹೊರಡುವಾಗ ಒಂದು ರಾತ್ರಿಯ ದುಡಿಮೆಗೆ ತಕ್ಕ ಸಂಭಾವನೆಯನ್ನು ಕೈತುಂಬ ಕೊಡಿ. ಬರೆದಿಟ್ಟ ಕಾವ್ಯ ಗ್ರಂಥಾಲಯದಲ್ಲಿ ಉಳಿಯುತ್ತದೆ. ಈ ಕಾವ್ಯ ಉಳಿಯಬೇಕಾದರೆ ಕೇಳುವವರು ನಿದ್ದೆಗೆಡಬೇಕು.