ಮಧುಮೇಹವು ಮನೆತನದ ಸೊತ್ತೇ?

“ಅಜ್ಜನಿಗಿತ್ತು, ಅಪ್ಪನಿಗೆ ಬಂದಿತು, ನನಗೆ ತಪ್ಪೀತೆ?” ಮಧುಮೇಹವುಳ್ಳ ಮನೆಗಳಲ್ಲಿ ಈ ಮಾತು ಕೇಳಿಬರುವುದುಂಟು. ಇದರಲ್ಲಿ ನಿಜವೆಷ್ಟು, ಭಯವೆಷ್ಟು ಎಂಬುದನ್ನು ವಿಚಾರಿಸೋಣ.

ನಾವುಂಡ ಅನ್ನ, ರೊಟ್ಟಿಗಳು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯನ್ನು ಜೀವಕೋಶಗಳು ಬಳಸಿಕೊಳ್ಳಲು ಮೇದೋಜೀರಕಾಂಗವು ಸ್ರವಿಸುವ ಇನ್ಸುಲಿನ್ ಬೇಕು. ನಡುವಯಸ್ಸಿನಲ್ಲಿ ತೋರುವ ಮಧುಮೇಹದಲ್ಲಿ ಇನ್ಸುಲಿನ್ನಿನ ಪ್ರಭಾವವೂ ಕುಗ್ಗುತ್ತದೆ, ಅದರ ಸ್ರಾವವೂ ಸಾಲದಾಗುತ್ತದೆ.

ಹತ್ತನೆಯ ವರ್ಣತಂತುವಿನಲ್ಲಿರುವ ‘ಟಿಸಿಎಫ್‌7ಎಲ್‌2’ ಎಂಬ ವಂಶವಾಹಿಗೂ ಈ ರೋಗಕ್ಕೂ ಸಂಬಂಧವುಂಟೆಂದು 2006ರಲ್ಲಿ ಐಸ್‌ಲೆಂಡಿನ ವಿಜ್ಞಾನಿಗಳು ಕಂಡರು. ಮರುವರ್ಷ ಪುಣೆಯ ರೋಗಿಗಳಲ್ಲಿಯೂ ಅದು ದೃಢಪಟ್ಟಿತು. ಅದರ ಒಂದೆಡೆ ‘ಸಿ’ ಎಂಬ ರಾಸಾಯನಿಕ ಅಕ್ಷರಕ್ಕೆ ಬದಲು ‘ಟಿ’ ಇದ್ದರೆ ಇನ್ಸುಲಿನ್ ಸ್ರಾವ ಕೊಂಚ ತಗ್ಗುತ್ತದೆ. ತಾಯಿಯಿಂದಲೋ ತಂದೆಯಿಂದಲೋ ಬಂದ ಇಂಥ ಒಂದು ಪ್ರತಿಯಿಂದ ರೋಗದ ಸಂಭವ ಸುಮಾರು 1.4 ಪಟ್ಟಾಗುವುದು. ಎಂದರೆ, ‘ಟಿ’ ಇಲ್ಲದ ನೂರು ಜನರಲ್ಲಿ ಹತ್ತು ಮಂದಿಗೆ ರೋಗ ಬರುವುದೆಂದು ಇಟ್ಟುಕೊಂಡರೆ, ಅದುಳ್ಳ ನೂರರಲ್ಲಿ ಸುಮಾರು ಹದಿನಾಲ್ಕು ಮಂದಿಗೆ ಬಂದೀತು. ಉಳಿದ ಎಂಬತ್ತಾರು ಮಂದಿಯನ್ನು ಮರೆಯಬಾರದು! 2024ರಲ್ಲಿ ಪ್ರಕಟವಾದ, 25 ಲಕ್ಷ ಜನರ ಅಧ್ಯಯನವೊಂದು ಈ ರೋಗಕ್ಕೆ ಸಂಬಂಧಿಸಿದ 611 ತಾಣಗಳನ್ನು ಗುರುತಿಸಿತು; ಅವುಗಳಲ್ಲಿ ಬಹುಪಾಲಿನ ಪ್ರಭಾವ ಇದಕ್ಕಿಂತಲೂ ಅಲ್ಪ.

ಒಂದೇ ಚೀಲದ ಜೋಳವನ್ನು ರೋಣ, ನರಗುಂದಗಳ ಎರೆಹೊಲದಲ್ಲಿಯೂ ಗಜೇಂದ್ರಗಡದ ಗುಡ್ಡದ ಮಗ್ಗುಲಿನ ತೆಳುಮಣ್ಣಿನಲ್ಲಿಯೂ ಬಿತ್ತಿದರೆ ತೆನೆ ಒಂದೇ ಬಗೆಯಾದೀತೆ? ಬೀಜದಷ್ಟೇ ಮಣ್ಣೂ ಮುಖ್ಯ. ನಮ್ಮ ವಿಷಯದಲ್ಲಿ ಈ ‘ಮಣ್ಣು’ ಗರ್ಭದಲ್ಲಿಯೇ ಮೊದಲಾಗುವುದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಮುಂದೆ ಜನಿಸಿದವರನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಾಣಬಂದಿತು.

ಮಣ್ಣನ್ನು ಹದಗೊಳಿಸಬಹುದೇ? ಅಮೆರಿಕದಲ್ಲಿ ರೋಗದ ಹೊಸ್ತಿಲಲ್ಲಿದ್ದವರ ಮೇಲೆ ನಡೆದ ಪ್ರಯೋಗದ 2006ರ ವರದಿ ಇದಕ್ಕೆ ಉತ್ತರವೀಯುತ್ತದೆ. ತೂಕವಿಳಿಸಿ, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಹಿಡಿದವರ ಗುಂಪಿನಲ್ಲಿ, ಎರಡೂ ಪ್ರತಿಗಳಲ್ಲಿ ‘ಟಿ’ ಉಳ್ಳವರ ಹೆಚ್ಚುವರಿ ಅಪಾಯ ಬಹುಮಟ್ಟಿಗೆ ಕರಗಿತ್ತು.

ಮನೆತನದಿಂದ ಬರುವುದು ವಂಶವಾಹಿ ಮಾತ್ರವಲ್ಲ, ಊಟದ ರೂಢಿ, ಕುಳಿತಿರುವ ರೂಢಿಗಳೂ ಬರುತ್ತವೆ. ಮೊದಲನೆಯದನ್ನು ಬದಲಿಸಲಾಗದು, ಉಳಿದವು ನಮ್ಮ ಕೈಯಲ್ಲಿವೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ರಕ್ತದ ಸಕ್ಕರೆಯನ್ನು ಪರೀಕ್ಷಿಸುವ ಏರ್ಪಾಡಿದೆ. ವಿದ್ಯಾರ್ಥಿಗಳು ತಂದೆತಾಯಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ತಾವೂ ದಿನಕ್ಕೊಂದು ಗಳಿಗೆ ನಡೆಯಲಿ.